ಫೋಟೊದಲ್ಲಿ ನಾವು ಯಾವಾಗಲೂ ‘ಮತ್ತಿತರರು’

ಯಾವುದೇ ಕನ್ನಡ ಪತ್ರಿಕೆಯ ಜಿಲ್ಲಾ ಪುಟ ತೆಗೆದು ನೋಡಿ. ರಸ್ತೆ ಕಾಮಗಾರಿಗೆ ಗುದ್ದಲಿಪೂಜೆ. ಫೋಟೊದ ಕೆಳಗೆ ಶಾಸಕರ ಹೆಸರು, ಪಂಚಾಯಿತಿ ಅಧ್ಯಕ್ಷರ ಹೆಸರು, ಮುಖಂಡರ ಹೆಸರು. ಕೊನೆಗೆ ‘ಮತ್ತಿತರರು ಇದ್ದರು’. ನಾಳೆಯಿಂದ ಆ ರಸ್ತೆಗೆ ಜಲ್ಲಿ ಹೊರುವವರು, ಟಾರು ಕಾಯಿಸುವವರು ಆ ‘ಮತ್ತಿತರರ’ ಲೆಕ್ಕದಲ್ಲೂ ಇರುವುದಿಲ್ಲ.

ಜಾಗ ಸಾಲುವುದಿಲ್ಲ, ಅದಕ್ಕೇ ಹೀಗೆ ಅಂತ ಡೆಸ್ಕಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದು ಜಾಗದ ಸಮಸ್ಯೆ ಅಲ್ಲ, ಕ್ಯಾಮೆರಾದಷ್ಟೇ ಹಳೆಯ ಚಟ. ಫೋಟೊ ತೆಗೆಸಿದವರ ಹೆಸರು ಉಳಿಯುತ್ತದೆ, ಫೋಟೊದೊಳಗೆ ನಿಂತವರ ಹೆಸರು ಅಳಿಯುತ್ತದೆ. ಐವತ್ತು ವರ್ಷ ಕಳೆದ ಮೇಲೆ ಆ ಫೋಟೊವೇ ಇತಿಹಾಸ ಆಗುತ್ತದೆ. ಆಗ ‘ಇಲ್ಲಿ ನಾವೂ ಇದ್ದೆವು’ ಅಂತ ಹೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಈ ಚಟ ಜನರಿಗೆ ಏನು ಮಾಡುತ್ತದೆ ಅನ್ನುವುದು ತಿಳಿಯಬೇಕಾದರೆ ಅಮೆರಿಕದ ಪಶ್ಚಿಮ ಭಾಗದ ಕತೆ ಕೇಳಬೇಕು. ನೂರೈವತ್ತು ವರ್ಷದ ಹಿಂದೆ ಬಿಳಿಯರು ಪೂರ್ವದಿಂದ ಪಶ್ಚಿಮಕ್ಕೆ ನುಗ್ಗುತ್ತಿದ್ದ ಕಾಲ. ಅವರು ಎಲ್ಲಿಯವರೆಗೆ ತಲುಪಿದ್ದರೋ ಆ ಅಂಚನ್ನು ಅವರು ಗಡಿನಾಡು ಎಂದರು. ಆ ಅಂಚಿನ ಆಚೆ ಇದ್ದದ್ದು ಬೀಳು ಭೂಮಿ ಅಲ್ಲ, ಜನರ ಊರುಗಳು. ನಾವು ಚಿಕ್ಕಂದಿನಲ್ಲಿ ‘ರೆಡ್ ಇಂಡಿಯನ್’ ಅಂತ ಓದಿದೆವಲ್ಲ, ಆ ಮೂಲನಿವಾಸಿಗಳ ಊರುಗಳು. ಬಂದೂಕಿನ ಹಿಂದೆಯೇ ಕ್ಯಾಮೆರಾವೂ ಅಲ್ಲಿಗೆ ಹೋಯಿತು.

ಖಾಲಿ ಅಂತ ತೋರಿಸಿದ ಕಣಿವೆ

ಕ್ಯಾಲಿಫೋರ್ನಿಯಾದಲ್ಲಿ ಯೊಸೆಮಿಟಿ ಅನ್ನುವ ಕಣಿವೆ ಇದೆ. 1861ರಲ್ಲಿ ಕಾರ್ಲ್‌ಟನ್ ವಾಟ್ಕಿನ್ಸ್ ಎಂಬ ಫೋಟೊಗ್ರಾಫರ್ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಅಲ್ಲಿಗೆ ಹೋದ. ಆಗ ಫೋಟೊ ತೆಗೆಯುವುದು ಈಗಿನಂತೆ ಬೆರಳಿನ ಕೆಲಸ ಆಗಿರಲಿಲ್ಲ. ಗಾಜಿನ ಹಲಗೆಗೆ ಅಂಟಿನಂಥ ದ್ರಾವಣ ಬಳಿಯಬೇಕು, ಬೆಳ್ಳಿಯ ರಾಸಾಯನಿಕದಲ್ಲಿ ಅದ್ದಬೇಕು, ಅದು ಒದ್ದೆ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಫೋಟೊ ತೆಗೆಯಬೇಕು, ಒಣಗುವ ಮೊದಲೇ ಕತ್ತಲೆ ಡೇರೆಗೆ ಓಡಿ ತೊಳೆಯಬೇಕು. ಎಲ್ಲ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ವಾಟ್ಕಿನ್ಸ್ ಬಳಸಿದ ಗಾಜು ಸುಮಾರು 18 ಇಂಚು ಅಗಲ, 22 ಇಂಚು ಉದ್ದ. ಅವನ ಶ್ರಮಕ್ಕೆ, ಕೈಚಳಕಕ್ಕೆ ನಾನೂ ಕೈ ಮುಗಿಯುತ್ತೇನೆ.

ಬಂದ ಫೋಟೊಗಳು ಅದ್ಭುತ. ಬಂಡೆ, ಜಲಪಾತ, ಮರ, ಕನ್ನಡಿಯಂಥ ನೀರು. ಪೂರ್ವದ ನಗರದವರು ಅವನ್ನು ನೋಡಿ ಬೆರಗಾದರು. 1864ರಲ್ಲಿ ಅಧ್ಯಕ್ಷ ಲಿಂಕನ್ ಆ ಕಣಿವೆಯನ್ನು ಕಾಪಾಡುವ ಕಾಯ್ದೆಗೆ ಸಹಿ ಹಾಕಿದರು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಕತೆ ಅಲ್ಲಿಂದಲೇ ಶುರು. ಆ ಫೋಟೊಗಳನ್ನು ನೋಡಿದವರಿಗೆ ಅದು ಮನುಷ್ಯರು ಮುಟ್ಟದ ಜಾಗ ಅನಿಸಿತು.

ನಿಜ ಏನು? ವಾಟ್ಕಿನ್ಸ್ ಹೋಗುವ ಹತ್ತು ವರ್ಷ ಮೊದಲು, 1851ರಲ್ಲಿ, ಮಾರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ಪಡೆ ಅದೇ ಕಣಿವೆಗೆ ನುಗ್ಗಿತ್ತು. ಅಲ್ಲಿ ಅಹ್ವಾನೀಚೀ ಜನ ಇದ್ದರು. ಅವರ ಮನೆಗಳಿಗೆ, ಮಳೆಗಾಲ ಚಳಿಗಾಲಕ್ಕೆ ಕೂಡಿಟ್ಟ ಆಹಾರದ ದಾಸ್ತಾನಿಗೆ ಬೆಂಕಿ ಇಟ್ಟು ಅವರನ್ನು ಹೊರಗಟ್ಟಿದರು. ಇನ್ನೊಂದು ಮಾತು. ಆ ಕಣಿವೆಯ ಅಗಲವಾದ ಹುಲ್ಲುಗಾವಲು ತಾನಾಗಿ ಆದದ್ದಲ್ಲ. ಅಹ್ವಾನೀಚೀ ಜನ ಕಾಲಕಾಲಕ್ಕೆ ಪೊದೆ ಸುಟ್ಟು ನೆಲವನ್ನು ತೆರೆದಿಟ್ಟದ್ದರಿಂದ ಉಳಿದದ್ದು. ಅಂದರೆ ಫೋಟೊದಲ್ಲಿರುವ ಚೆಲುವಿನಲ್ಲಿ ಅವರ ದುಡಿಮೆ ಇದೆ, ಅವರು ಇಲ್ಲ.

ದೂರದ ಬೆಟ್ಟ ನುಣ್ಣಗೆ ಅಂತ ನಮ್ಮವರು ಸುಮ್ಮನೆ ಹೇಳಲಿಲ್ಲ. ದೂರದಿಂದ ತೆಗೆದ ಫೋಟೊದಲ್ಲಿ ಸುಟ್ಟ ಮನೆಯ ಬೂದಿ ಕಾಣುವುದಿಲ್ಲ. ನಮ್ಮಲ್ಲೂ ಕಾಡಿನ ಕ್ಯಾಲೆಂಡರುಗಳಲ್ಲಿ ಹುಲಿ, ಆನೆ ರಾಜಗಾಂಭೀರ್ಯದಿಂದ ನಿಂತಿರುತ್ತವೆ. ನಾಗರಹೊಳೆಯ ಜೇನುಕುರುಬರ ಹಾಡಿಯನ್ನು ಎಷ್ಟು ಕ್ಯಾಲೆಂಡರಿನಲ್ಲಿ ನೋಡಿದ್ದೀರಿ?

ಹಳಿ ಹಾಕಿದವರು ಎಲ್ಲಿ?

1869ರ ಮೇ 10. ಯೂಟಾ ಪ್ರಾಂತ್ಯದ ಪ್ರೊಮಾಂಟರಿ ಎಂಬಲ್ಲಿ ಪೂರ್ವದಿಂದ ಬಂದ ರೈಲು ಹಳಿ, ಪಶ್ಚಿಮದಿಂದ ಬಂದ ರೈಲು ಹಳಿ ಕೂಡಿದವು. ಆ್ಯಂಡ್ರೂ ರಸೆಲ್ ಫೋಟೊ ತೆಗೆದ. ಎರಡು ಎಂಜಿನ್ ಎದುರುಬದುರು, ನಡುವೆ ಇಬ್ಬರು ಕೈಕುಲುಕುತ್ತಿದ್ದಾರೆ, ಎಂಜಿನ್ ಮೇಲೆ ನಿಂತವರು ಬಾಟಲಿ ಎತ್ತಿ ಹಿಡಿದಿದ್ದಾರೆ. ಅಮೆರಿಕದ ಶಾಲಾ ಪುಸ್ತಕಗಳಲ್ಲಿ ತಲೆಮಾರುಗಳಿಂದ ಬಂದ ಚಿತ್ರ ಇದು.

ಪಶ್ಚಿಮದಿಂದ ಹಳಿ ಹಾಕಿಕೊಂಡು ಬಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಕೂಲಿಗಳಲ್ಲಿ ಬಹುಪಾಲು ಜನ ಚೀನಾದಿಂದ ಹೋದವರು. ಸಾವಿರಗಟ್ಟಲೆ ಜನ. ಸಿಯೆರಾ ನೆವಾಡಾ ಬೆಟ್ಟಗಳ ಗ್ರಾನೈಟ್ ಬಂಡೆಗೆ ಕೈಯಿಂದಲೇ ಕುಳಿ ಕೊರೆದು, ಮದ್ದು ತುಂಬಿ, ಹಿಮದಲ್ಲಿ ಸುರಂಗ ಮಾಡಿದವರು ಅವರು. ಬಿಳಿ ಕೂಲಿಗಿಂತ ಕಡಿಮೆ ಸಂಬಳ. 1867ರಲ್ಲಿ ಮುಷ್ಕರ ಹೂಡಿದಾಗ ಕಂಪನಿ ಅವರಿಗೆ ಅನ್ನ ಸಾಮಾನು ಬರುವುದನ್ನೇ ನಿಲ್ಲಿಸಿ ಮುಷ್ಕರ ಮುರಿಯಿತು. ಹೆಸರಾದ ಆ ಫೋಟೊದಲ್ಲಿ ಅವರು ಎದ್ದು ಕಾಣುವುದಿಲ್ಲ.

ಇನ್ನೂ ಗಮನಿಸಬೇಕಾದ ಸಂಗತಿ: ಅದೇ ರಸೆಲ್ ಅದೇ ದಿನ ಚೀನೀ ಕೂಲಿಗಳು ಕಾಣುವ ಇನ್ನೊಂದು ಫೋಟೊವನ್ನೂ ತೆಗೆದಿದ್ದ. ಅದು ಪಠ್ಯಪುಸ್ತಕಕ್ಕೆ ಬರಲಿಲ್ಲ. ಅಂದರೆ ಫೋಟೊ ಇರಲಿಲ್ಲ ಅನ್ನುವ ನೆಪವೂ ಇಲ್ಲ. ಯಾವುದನ್ನು ಹಾಕಬೇಕು, ಯಾವುದನ್ನು ಬಿಡಬೇಕು ಅಂತ ಆರಿಸಿದವರು ಯಾರೋ ಇದ್ದರು. ಡೆಸ್ಕ್ ಆಗಲೂ ಇತ್ತು. 1882ರಲ್ಲಿ ಅಮೆರಿಕ ಚೀನೀ ಕೂಲಿಕಾರರು ದೇಶದೊಳಗೆ ಬರದಂತೆ ಕಾಯ್ದೆ ಮಾಡಿತು. ಚಿತ್ರದಿಂದ ಹೊರಗಿಟ್ಟವರನ್ನು ದೇಶದಿಂದ ಹೊರಗಿಡುವುದು ಕಷ್ಟವಲ್ಲ.

ಗಡಿಯಾರ ಅಳಿಸಿದವನು

ಈಗ ಎಲ್ಲರಿಗಿಂತ ಹೆಸರಾದ ಫೋಟೊಗ್ರಾಫರ್ ವಿಷಯಕ್ಕೆ ಬರೋಣ. ಎಡ್ವರ್ಡ್ ಕರ್ಟಿಸ್. ಮೂಲನಿವಾಸಿಗಳ ಬಗ್ಗೆ 20 ಸಂಪುಟಗಳ ಗ್ರಂಥ ಮಾಡಿದವನು. ಮೊದಲ ಸಂಪುಟ 1907ರಲ್ಲಿ, ಕೊನೆಯದು 1930ರಲ್ಲಿ. ಕೆಲಸಕ್ಕೆ 75,000 ಡಾಲರ್ ಕೊಟ್ಟದ್ದು ಬ್ಯಾಂಕರ್ ಜೆ.ಪಿ. ಮಾರ್ಗನ್. ಮೂಲನಿವಾಸಿಗಳ ನೆಲ ಸೀಳಿಕೊಂಡು ಹೋದ ರೈಲುಗಳಲ್ಲಿ ಹಣ ಹೂಡಿದ್ದ ಅದೇ ಮಾರ್ಗನ್. ಮುನ್ನುಡಿ ಬರೆದವರು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್.

ಕರ್ಟಿಸ್ ಪ್ರಕಟಿಸಿದ ಒಂದು ಫೋಟೊ ಇದೆ. ಪೀಗನ್ ಎಂಬ ಬುಡಕಟ್ಟಿನ ಡೇರೆಯೊಳಗೆ ತಂದೆ ಲಿಟಲ್ ಪ್ಲೂಮ್, ಮಗ ಯೆಲ್ಲೊ ಕಿಡ್ನಿ ಕೂತಿದ್ದಾರೆ. ಮೊದಲು ತೆಗೆದ ಚಿತ್ರದಲ್ಲಿ ಇಬ್ಬರ ನಡುವೆ ಒಂದು ಗಡಿಯಾರ ಇದೆ. ಗ್ರಂಥದಲ್ಲಿ ಅಚ್ಚಾದ ಚಿತ್ರದಲ್ಲಿ ಆ ಗಡಿಯಾರ ಇಲ್ಲ. ಅಳಿಸಿದ್ದಾರೆ. ಎರಡನ್ನೂ ಈಗ ಪಕ್ಕಪಕ್ಕ ಇಟ್ಟು ನೋಡಬಹುದು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಒಂದು ಗಡಿಯಾರಕ್ಕೆ ಇಷ್ಟು ಗಲಾಟೆಯೇ ಅಂತ ಕೇಳಬೇಡಿ. ಗಡಿಯಾರ ಇದ್ದರೆ ಆ ಮನುಷ್ಯ ಈ ಕಾಲದವನು. ನಿಮ್ಮ ಹಾಗೆ ಹೊತ್ತು ನೋಡುವವನು, ಸಾಮಾನು ಕೊಳ್ಳುವವನು, ನಾಳೆಗೆ ಲೆಕ್ಕ ಹಾಕುವವನು. ಅಂಥವನ ಜಮೀನು ಕಿತ್ತುಕೊಂಡರೆ ಅನ್ಯಾಯ ಅನಿಸುತ್ತದೆ. ಗಡಿಯಾರ ಅಳಿಸಿದರೆ ಅವನು ಪುರಾಣ ಕಾಲದವನು. ಇವತ್ತೋ ನಾಳೆಯೋ ಮಾಯ ಆಗುವವನು. ಅವನ ಬಗ್ಗೆ ‘ಅಯ್ಯೋ ಪಾಪ’ ಅಂದರೆ ಸಾಕು, ಜಮೀನು ವಾಪಸ್ ಕೊಡಬೇಕಿಲ್ಲ.

ಕರ್ಟಿಸ್ 1904ರಲ್ಲಿ ತೆಗೆದ ಇನ್ನೊಂದು ಚಿತ್ರಕ್ಕೆ ಇಟ್ಟ ಹೆಸರೇ ‘ಮರೆಯಾಗುತ್ತಿರುವ ಜನಾಂಗ’. ನವಾಹೊ ಬುಡಕಟ್ಟಿನವರು ಕುದುರೆ ಏರಿ ಕತ್ತಲೆಯತ್ತ ಹೋಗುತ್ತಿದ್ದಾರೆ. ನಮಗೆ ಬೆನ್ನು ಮಾತ್ರ ಕಾಣುತ್ತದೆ. ಮುಖ ಇಲ್ಲ, ಹೆಸರೂ ಇಲ್ಲ.

ಅವರು ತಾವಾಗಿ ಮರೆಯಾಗುತ್ತಿದ್ದರೇ? ರೈತರಿಗೆ ಅರ್ಥವಾಗುವ ಲೆಕ್ಕ ಹೇಳುತ್ತೇನೆ. 1887ರಲ್ಲಿ ಒಂದು ಕಾಯ್ದೆ ಬಂತು. ಬುಡಕಟ್ಟಿನ ಒಟ್ಟು ಜಮೀನನ್ನು ಕುಟುಂಬಕ್ಕಿಷ್ಟು ಅಂತ ತುಂಡು ಮಾಡಿ, ಉಳಿದದ್ದನ್ನು ‘ಹೆಚ್ಚುವರಿ’ ಅಂತ ಹೊರಗಿನವರಿಗೆ ಬಿಟ್ಟರು. ಆಗ ಮೂಲನಿವಾಸಿಗಳ ಕೈಯಲ್ಲಿದ್ದದ್ದು 13.8 ಕೋಟಿ ಎಕರೆ. 1934ರ ಹೊತ್ತಿಗೆ ಉಳಿದದ್ದು 4.8 ಕೋಟಿ ಎಕರೆ. ಕರ್ಟಿಸ್ ತನ್ನ 20 ಸಂಪುಟಕ್ಕೆ ಊರೂರು ಸುತ್ತಿದ್ದು ಇದೇ ಅವಧಿಯಲ್ಲಿ. ಕಂದಾಯದ ಕಾಗದದಲ್ಲಿ ನಡೆಯುತ್ತಿದ್ದ ಕಳ್ಳತನಕ್ಕೆ ಅವನ ಫೋಟೊದಲ್ಲಿ ಸೂರ್ಯಾಸ್ತದ ಬಣ್ಣ ಬಂತು.

ಆ ಗ್ರಂಥದ ಕೆಲಸದಲ್ಲಿ ಅಲೆಕ್ಸಾಂಡರ್ ಅಪ್‌ಶಾ ಎಂಬ ಕ್ರೋ ಬುಡಕಟ್ಟಿನ ವಿದ್ಯಾವಂತ ದುಭಾಷಿಯಾಗಿ ದುಡಿದ. ಜನರನ್ನು ಒಪ್ಪಿಸಿದ್ದು, ಅವರ ಮಾತು ತಿಳಿಸಿದ್ದು ಅವನು. ಮುಖಪುಟದಲ್ಲಿ ಇರುವುದು ಕರ್ಟಿಸ್ ಹೆಸರು. ಅಪ್‌ಶಾ ಮತ್ತಿತರರು ಇದ್ದರು, ಅಷ್ಟೆ.

ಹೆಣದ ಫೋಟೊ, ಮಾರಾಟಕ್ಕೆ

1890ರ ಜನಗಣತಿ ಮುಗಿದಾಗ ಅಮೆರಿಕ ಸರ್ಕಾರ, ಇನ್ನು ಗಡಿನಾಡು ಅನ್ನುವ ಅಂಚು ಉಳಿದಿಲ್ಲ ಎಂದಿತು. ಅದೇ ವರ್ಷ ಡಿಸೆಂಬರ್ 29ರಂದು ವುಂಡೆಡ್ ನೀ ಎಂಬಲ್ಲಿ ಸೈನ್ಯ ಲಕೋಟಾ ಜನರ ಮೇಲೆ ಗುಂಡು ಹಾರಿಸಿತು. ಹೆಂಗಸರು, ಮಕ್ಕಳೂ ಸತ್ತರು. ಹಿಮ ಸುರಿದು ಹೆಣಗಳು ಮರಗಟ್ಟಿದವು. ಕೆಲವು ದಿನಗಳ ನಂತರ ಒಂದೇ ಗುಂಡಿಯಲ್ಲಿ 146 ಹೆಣ ಹೂತರು.

ಹೂಳುವವರ ಜೊತೆ ಜಾರ್ಜ್ ಟ್ರೇಗರ್ ಎಂಬ ಫೋಟೊಗ್ರಾಫರ್ ಹೋಗಿದ್ದ. ಗುಂಡಿಯ ಫೋಟೊ, ಹಿಮದಲ್ಲಿ ಸೆಟೆದು ಬಿದ್ದಿದ್ದ ಮುಖಂಡ ಬಿಗ್ ಫುಟ್‌ನ ಫೋಟೊ ತೆಗೆದ. ಅವನ ಕಂಪನಿ ಆ ಚಿತ್ರಗಳನ್ನು ಪ್ರತಿ ಮಾಡಿಸಿ ಮಾರಿತು. ಜನ ಕೊಂಡುಕೊಂಡರು. ಇದಕ್ಕೆ ನಮ್ಮಲ್ಲಿ ಒಂದು ಮಾತಿದೆ: ಉಂಡೂ ಹೋದ, ಕೊಂಡೂ ಹೋದ. ನೆಲ ತೆಗೆದುಕೊಂಡರು, ಪ್ರಾಣ ತೆಗೆದರು, ಹೆಣದ ಚಿತ್ರದಿಂದಲೂ ಕಾಸು ಮಾಡಿದರು. ಅಪಘಾತ ಆದ ಕೂಡಲೇ ಮೊಬೈಲ್ ಎತ್ತಿ ವಿಡಿಯೊ ಮಾಡಿ ಗ್ರೂಪಿಗೆ ಹಾಕುವವರು ಇದನ್ನು ಎರಡು ಸಲ ಓದಲಿ.

‘ಅವರಿಲ್ಲದಿದ್ದರೆ ಏನೂ ಉಳಿಯುತ್ತಿರಲಿಲ್ಲ’

ಇಷ್ಟು ಹೇಳಿದ ಕೂಡಲೇ ಒಂದು ವಾದ ಬರುತ್ತದೆ. ಈ ಫೋಟೊಗ್ರಾಫರುಗಳು ಅಷ್ಟು ಕಷ್ಟಪಡದಿದ್ದರೆ ಇವತ್ತು ನೋಡಲು ಏನಿರುತ್ತಿತ್ತು? ಕರ್ಟಿಸ್ ಈ ಕೆಲಸಕ್ಕೆ ಸಂಬಳ ಪಡೆಯಲಿಲ್ಲ, ಮನೆ ಮುರಿಯಿತು, ಸಾಲಗಾರನಾದ. 500 ಸೆಟ್ ಮಾರುವ ಆಸೆ ಇತ್ತು, 300 ಕೂಡ ಹೋಗಲಿಲ್ಲ. ಇವತ್ತು ಅದೇ ಮೂಲನಿವಾಸಿ ಮನೆಗಳಲ್ಲಿ ಮರಿಮಕ್ಕಳು ಅವನ ಫೋಟೊಗಳಲ್ಲಿ ತಮ್ಮ ಮುತ್ತಜ್ಜನ ಮುಖ ಕಾಣುತ್ತಾರೆ.

ಇದೆಲ್ಲ ನಿಜ. ಆ ಮುಖ ಉಳಿದದ್ದು ದೊಡ್ಡದು. ಆದರೆ ಮುತ್ತಜ್ಜನ ಮುಖ ಉಳಿಸಲು ಗಡಿಯಾರ ಅಳಿಸಬೇಕಿತ್ತೇ? ಗಡಿಯಾರ ಇದ್ದಿದ್ದರೆ ಮುಖ ಕಡಿಮೆ ಆಗುತ್ತಿತ್ತೇ? ಉಪಕಾರ ಮಾಡಿದವನು ಸುಳ್ಳು ಹೇಳಿದರೆ ಉಪಕಾರಕ್ಕೆ ಕೃತಜ್ಞತೆ ಹೇಳೋಣ, ಸುಳ್ಳನ್ನು ಸುಳ್ಳು ಅನ್ನೋಣ. ಒಂದಕ್ಕೆ ಇನ್ನೊಂದು ವಜಾ ಆಗುವುದಿಲ್ಲ.

ಮತ್ತೆ ಆ ಜನ ಮರೆಯಾದರೇ? 1900ರ ಗಣತಿಯಲ್ಲಿ ಸುಮಾರು 2,37,000 ಇದ್ದವರು 2020ರ ಗಣತಿಯಲ್ಲಿ, ಮಿಶ್ರ ಮೂಲದವರೂ ಸೇರಿ, 97 ಲಕ್ಷ. ಇಪ್ಪತ್ತು ಸಂಪುಟ ಸುಳ್ಳಾಯಿತು, ಗಡಿಯಾರ ನಿಜವಾಯಿತು.

ಕ್ಯಾಮೆರಾ ಕೈ ಬದಲಾಯಿಸಿದಾಗ

ಒಕ್ಲಹೋಮಾದಲ್ಲಿ ಹೊರೇಸ್ ಪೂಲಾ ಎಂಬವರು ಇದ್ದರು. ಕಯೋವಾ ಬುಡಕಟ್ಟಿನವರು, ಹುಟ್ಟಿದ್ದು 1906, ತೀರಿದ್ದು 1984. ಸುಮಾರು ಐವತ್ತು ವರ್ಷ ತಮ್ಮವರ ಫೋಟೊ ತೆಗೆದರು. ಅವರ ಫೋಟೊಗಳಲ್ಲಿ ಗರಿಯ ಕಿರೀಟವೂ ಇದೆ, ಮೋಟಾರು ಕಾರೂ ಇದೆ. ಜಾತ್ರೆಯ ಮೆರವಣಿಗೆ ಇದೆ, ಸೈನ್ಯದಿಂದ ರಜೆಗೆ ಬಂದ ಹುಡುಗ ಇದ್ದಾನೆ, ಸಾವಿನ ಮನೆಯೂ ಇದೆ. ಅವರು ಏನನ್ನೂ ಅಳಿಸುವ ಅಗತ್ಯ ಇರಲಿಲ್ಲ, ಯಾಕೆಂದರೆ ಅವರು ತೆಗೆಯುತ್ತಿದ್ದದ್ದು ತಮ್ಮ ಊರನ್ನು. ಮಾರುವ ಫೋಟೊಗಳ ಹಿಂದೆ ಅವರು ಒತ್ತುತ್ತಿದ್ದ ಮುದ್ರೆಯಲ್ಲಿ, ಇದು ಒಬ್ಬ ಇಂಡಿಯನ್ ತೆಗೆದ ಚಿತ್ರ ಎಂದು ತಮ್ಮ ಹೆಸರಿನ ಜೊತೆ ಇರುತ್ತಿತ್ತು. ಆ ಒಂದು ಮುದ್ರೆ ನನಗೆ 20 ಸಂಪುಟಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ರೈಲು ಹಳಿಯ ಫೋಟೊಗೂ ಉತ್ತರ ಬಂತು. ನ್ಯೂಯಾರ್ಕಿನ ಚೀನೀ ಮೂಲದ ಫೋಟೊಗ್ರಾಫರ್ ಕಾರ್ಕಿ ಲೀ ಶಾಲೆಯಲ್ಲಿ ಆ ಚಿತ್ರ ನೋಡಿ, ನಮ್ಮವರು ಎಲ್ಲಿ ಎಂಬ ಪ್ರಶ್ನೆಯನ್ನು ಬಿಡದೆ ಇಟ್ಟುಕೊಂಡರು. 2014ರ ಮೇ 10ರಂದು, ಹಳಿ ಕೂಡಿ 145 ವರ್ಷವಾದ ದಿನ, ಹಳಿ ಹಾಕಿದ ಚೀನೀ ಕೂಲಿಗಳ ವಂಶದವರನ್ನೂ ಅವರ ಸಮುದಾಯದವರನ್ನೂ ಅದೇ ಪ್ರೊಮಾಂಟರಿಯಲ್ಲಿ, ಅದೇ ರೀತಿಯ ಎಂಜಿನ್‌ಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಸತ್ತವರನ್ನು ವಾಪಸ್ ತರಲಾಗದು. ಖಾಲಿ ಬಿಟ್ಟ ಜಾಗ ತೋರಿಸಬಹುದು.

ಇದು ನಮ್ಮದೂ ಕತೆ

ಅದೇ ಕಾಲದಲ್ಲಿ, 1868ರಿಂದ 1875ರವರೆಗೆ, ಬ್ರಿಟಿಷ್ ಸರ್ಕಾರ ‘ದಿ ಪೀಪಲ್ ಆಫ್ ಇಂಡಿಯಾ’ ಎಂಬ 8 ಸಂಪುಟದ ಫೋಟೊ ಗ್ರಂಥ ಹೊರತಂದಿತು. 1857ರ ದಂಗೆಯ ನಂತರ ಆಳುವವರಿಗೆ ನಮ್ಮ ಮುಖಗಳ ಪಟ್ಟಿ ಬೇಕಿತ್ತು. ಹೆಚ್ಚಿನ ಫೋಟೊಗಳ ಕೆಳಗೆ ಇದ್ದದ್ದು ಮನುಷ್ಯನ ಹೆಸರಲ್ಲ, ಜಾತಿಯ ಹೆಸರು, ಜೊತೆಗೆ ಆ ಜಾತಿ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬ ತೀರ್ಪು. ದಕ್ಷಿಣದಲ್ಲಿ ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗು ಅಳೆದರು. 1909ರಲ್ಲಿ ಅವರ 7 ಸಂಪುಟ ಬಂತು. ಕೊಡಗಿನವರು, ಕುರುಬರು ಎಲ್ಲರೂ ಅದರಲ್ಲಿದ್ದಾರೆ, ಮಾದರಿಗಳಾಗಿ.

ಬ್ರಿಟಿಷರು ಹೋದರು. ಮಾದರಿ ಹುಡುಕುವ ಕಣ್ಣು ಹೋಗಲಿಲ್ಲ. ಬರಗಾಲ ಅಂದರೆ ಬಿರುಕು ಬಿಟ್ಟ ನೆಲ, ಹಣೆಗೆ ಕೈ ಇಟ್ಟು ಆಕಾಶ ನೋಡುವ ಅಜ್ಜ. ನಾನು ಸುದ್ದಿ ಕಳಿಸುವ ಕಡೆಗಳಲ್ಲಿ ಇದನ್ನು ಬಾಯಿಬಿಟ್ಟೇ ಕೇಳಿದ್ದಾರೆ. ಪ್ಲಾಸ್ಟಿಕ್ ಕೊಡ ಬೇಡ, ಹಿತ್ತಾಳೆ ಕೊಡ ಇರಲಿ. ಅಜ್ಜನ ಜೇಬಿನ ಮೊಬೈಲ್ ಕಾಣದಿರಲಿ. ಹಿಂದಿನ ಡಿಶ್ ಕತ್ತರಿಸಿ. ಕರ್ಟಿಸನ ಗಡಿಯಾರ ಇನ್ನೂ ಅಳಿಯುತ್ತಲೇ ಇದೆ, ಈಗ ಫೋನಿನಲ್ಲಿ ಬೆರಳು ಸವರಿದರೆ ಸಾಕು. ಕೆಳಗೆ ಎರಡು ಪದ: ‘ಸಾಂದರ್ಭಿಕ ಚಿತ್ರ’. ಆ ಅಜ್ಜನಿಗೆ ಹೆಸರಿದೆ, ಸರ್ವೆ ನಂಬರ್ ಇದೆ, ಬಾರದ ಬೆಳೆ ಪರಿಹಾರ ಇದೆ. ಸಂದರ್ಭ ಮಾತ್ರ ಪತ್ರಿಕೆಯದ್ದು. ಪೊದೆಯಂತೆ, ಬಂಡೆಯಂತೆ ಅವನನ್ನು ಹಾಕಿದರೆ ಅವನ ಪರಿಹಾರದ ಅರ್ಜಿಗೆ ಯಾರೂ ಉತ್ತರ ಕೊಡಬೇಕಿಲ್ಲ.

ನನ್ನ ಜೊತೆಯ ವರದಿಗಾರರಿಗೆ ಒಂದೇ ಮಾತು. ಹೆಸರು ಕೇಳದೆ ಶಟರ್ ಒತ್ತಬೇಡಿ. ಹೆಸರು ಬರೆದರೆ ತೊಂದರೆ ಆಗುವವರಿಗೆ ಕೇಳಿ ಬಿಡಿ, ಅದು ಅವರ ತೀರ್ಮಾನ, ನಮ್ಮ ಸೋಮಾರಿತನ ಅಲ್ಲ. ಡೆಸ್ಕ್ ಹೆಸರು ಹೊಡೆದುಹಾಕಿದರೆ ಇನ್ನೊಮ್ಮೆ ಕಳಿಸಿ.

ಓದುವ ನಿಮಗೆ ಮೂರು ಮಾತು. ಕ್ಯಾಮೆರಾ ಹಿಡಿದು ಯಾರೇ ಬರಲಿ, ಪತ್ರಿಕೆಯವರು, ಸಂಘದವರು, ಸರ್ಕಾರದವರು, ‘ನನ್ನ ಹೆಸರು ಬರಕೊಂಡ್ರಾ? ಇದನ್ನ ಎಲ್ಲಿ ಹಾಕ್ತೀರಿ?’ ಅಂತ ಕೇಳಿ. ಕೇಳುವುದು ಜಗಳ ಅಲ್ಲ. ಮನೆಯ ಮುಂದಿನ ಬೈಕೋ, ಕೊಡವೋ, ಕೈಗಡಿಯಾರವೋ ತೆಗೆಯಿರಿ ಅಂದರೆ ಯಾಕೆ ಅಂತ ಕೇಳಿ. ಅದು ನಿಮ್ಮ ದುಡಿಮೆಯದ್ದು, ಇರಲಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ ಹಿರಿಯರು, ಫೋಟೊ ಕಂಡಾಗ ಇನ್ನೂ ಹೆಚ್ಚು ಪರಾಂಬರಿಸಿ.

ಮೂರನೆಯದು ಇವತ್ತೇ ಆಗುವ ಕೆಲಸ. ಮನೆಯ ಟ್ರಂಕಿನಲ್ಲಿ, ಗೋಡೆಯ ಕಟ್ಟಿನಲ್ಲಿ ಹಳೆಯ ಫೋಟೊ ಇವೆಯಲ್ಲ, ತೆಗೆಯಿರಿ. ಮದುವೆಯದ್ದು, ಜಾತ್ರೆಯಲ್ಲಿ ಪರದೆ ಮುಂದೆ ನಿಂತು ತೆಗೆಸಿದ್ದು, ಶಾಲೆಯ ಗುಂಪಿನದ್ದು. ಯಾರು, ಯಾವ ಊರು, ಯಾವ ವರ್ಷ ಅಂತ ಹಿಂಬದಿಗೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ. ಫೋನಿನ ಫೋಟೊಗೂ ಹೆಸರು ಟೈಪ್ ಮಾಡಿಡಿ, ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋದ ಫೋಟೊ ಎಲ್ಲಿಯದು, ಯಾವ ದಿನದ್ದು ಅನ್ನುವುದು ಅದರೊಳಗೆ ಉಳಿಯುವುದಿಲ್ಲ. ಗುಂಪಿನ ಕೊನೆಯ ಸಾಲಿನಲ್ಲಿ ನಿಂತ ಹೆಂಗಸು ಯಾರು ಅಂತ ನಿಮಗೆ ಗೊತ್ತಿಲ್ಲದಿದ್ದರೆ ಅಜ್ಜಿಗೆ ಗೊತ್ತಿರುತ್ತದೆ. ಅಜ್ಜಿ ಇರುವಾಗಲೇ ಕೇಳಿ.